ಕಾವಿಗೆ ಕೂತ ಕೋಳಿ: ಒಂದು ಪಾಠವನ್ನು ಎರಡು ಸಲ ಮಾಡಿದ ಅನುಭವ

ಎಂಟನೇ ತರಗತಿಯ ‘ದಹನ ಮತ್ತು ಜ್ವಾಲೆ’ ಘಟಕವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಂಡಾಗ ನನ್ನ ಪಾಠ ಯೋಜನೆ ಅಚ್ಚುಕಟ್ಟಾಗಿಯೇ ಇತ್ತು. ಇಂಧನ, ಗಾಳಿ, ಜ್ವಲನ ತಾಪ ಈ ಮೂರರಲ್ಲಿ ಒಂದನ್ನು ತೆಗೆದರೂ ಬೆಂಕಿ ನಿಲ್ಲುತ್ತದೆ ಎಂಬುದು ಕಲಿಕಾಂಶ. ಅನ್ವಯದ ಹಂತಕ್ಕೆ ‘ಬೆಂಕಿಯಿಂದ ಸಾಕುಪ್ರಾಣಿಗಳ ರಕ್ಷಣೆ’ ಎಂಬ ಬಣ್ಣದ ಚಾರ್ಟ್ ಬರೆದಿದ್ದೆ. ಶಾಲೆ ಇರುವುದು ಬನಶಂಕರಿ 6ನೇ ಹಂತದ ಕಡೆ, ತುರಹಳ್ಳಿ ಕಾಡಿಗೆ ಹತ್ತಿರ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವುದು, ಖಾಲಿ ಸೈಟಿನಲ್ಲಿ ಕಸ ಸುಡುವುದು ಆ ಮಕ್ಕಳಿಗೆ ಹೊಸದಲ್ಲ. ಶೀಟಿನ ಮನೆಗಳ ಹಿತ್ತಲಲ್ಲಿ ನಾಲ್ಕಾರು ನಾಟಿ ಕೋಳಿಗಳೂ ಇರುತ್ತವೆ.

ಪೀಠಿಕೆಗೆ 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟದ್ದನ್ನು ಹೇಳಿದೆ. ಒಣಗಿದ ಲಂಟಾನ ಪೊದೆ ಇಂಧನವಾಯಿತು, ಗಾಳಿ ಅದನ್ನು ಹಬ್ಬಿಸಿತು ಎಂದು ವಿವರಿಸಿದೆ. ಮಕ್ಕಳು ಸುಮ್ಮನೆ ಕೇಳಿದರು. ಬಂಡೀಪುರ ಅವರಿಗೆ ಟಿವಿಯ ಸುದ್ದಿ ಅಷ್ಟೆ. ಆಮೇಲೆ ಚಾರ್ಟಿನ ಮೊದಲ ಸಾಲು ಓದಿದೆ: ‘ಸಾಕುಪ್ರಾಣಿಗಳನ್ನು ಬಿಟ್ಟು ಹೋಗಬೇಡಿ.’ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮಿಸ್, ನಮ್ಮ ಕೋಳಿ ಕಾವಿಗೆ ಕೂತೈತೆ. ಬೆಂಕಿ ಬಂದ್ರೂ ಅದು ಏಳಲ್ಲ. ನಾನು ಒಳಕ್ಕೋಗಿ ಎತ್ಕೊಂಡು ಬರ್ಬೇಕಾ?”

ನಾನು “ದೊಡ್ಡವರನ್ನು ಕರೆಯಬೇಕಮ್ಮ” ಎಂದೆ. ಅವಳು ಕೂತಳು. ಆದರೆ ಅವಳ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ ಎಂದು ಪಕ್ಕದ ಹುಡುಗ ಹೇಳಿದ. ನನ್ನ ಚಾರ್ಟು ಆ ಮಗುವನ್ನು ಬೆಂಕಿಯ ಕಡೆಗೇ ಕಳಿಸುತ್ತಿತ್ತು. ವಿಧಾನ ಬೋಧಕರು ವೀಕ್ಷಣಾ ಪುಸ್ತಕದಲ್ಲಿ ಧ್ವನಿ, ಕಪ್ಪುಹಲಗೆ ಬಳಕೆಗೆಲ್ಲ ‘ಉತ್ತಮ’ ಎಂದು ಬರೆದು, ಕೊನೆಗೆ ಒಂದೇ ಪ್ರಶ್ನೆ ಹಾಕಿದ್ದರು: “ಆ ಹುಡುಗಿಗೆ ಉತ್ತರ ಸಿಕ್ಕಿತೇ?”

ಮುಂದಿನ ವಾರ ಅದೇ ತರಗತಿಗೆ ಚಾರ್ಟು ಬಿಟ್ಟು ಒಂದು ಮಂಕರಿ, ಗೋಣಿಚೀಲ, ದಿಂಬಿನ ಕವರು ತೆಗೆದುಕೊಂಡು ಹೋದೆ. ಮೊದಲು ಅವಳ ಪ್ರಶ್ನೆಗೆ ನೇರ ಉತ್ತರ ಹೇಳಿದೆ: ಬೆಂಕಿ ಕಣ್ಣಿಗೆ ಬಿದ್ದ ಮೇಲೆ ಯಾವ ಮಗುವೂ ಕೋಳಿಗಾಗಿ ಒಳಗೆ ಹೋಗಬಾರದು, ಹೊರಗೆ ಓಡಿ, 101 ಅಥವಾ 112ಕ್ಕೆ ಫೋನ್ ಮಾಡಿಸಬೇಕು. ಹಾಗಾದರೆ ಕೋಳಿಯನ್ನು ಉಳಿಸುವ ಕೆಲಸ ಬೆಂಕಿ ಬರುವ ಮುಂಚೆಯೇ ಆಗಬೇಕು. ಅದು ಹೇಗೆ?

ಇಲ್ಲಿ ಪಾಠ ತಾನಾಗಿ ನಡೆಯಿತು. ಗೂಡಿನ ಸುತ್ತ ಏನೇನಿದೆ ಎಂದು ಕೇಳಿದೆ. ತೆಂಗಿನ ಗರಿ, ಹೊಟ್ಟು, ಹಳೇ ರಟ್ಟು, ಬೇಲಿಗೆ ಒತ್ತಿಕೊಂಡ ಒಣಹುಲ್ಲು ಎಂದರು. ಎಲ್ಲವೂ ಇಂಧನ ಎಂದು ಅವರೇ ಗುರುತಿಸಿದರು. ಗಾಳಿಯನ್ನು ನಾವು ತಡೆಯಲಾರೆವು, ಕಿಡಿ ಎಲ್ಲಿಂದ ಹಾರಿ ಬರುತ್ತದೋ ಗೊತ್ತಿಲ್ಲ, ನಮ್ಮ ಕೈಯಲ್ಲಿರುವುದು ಇಂಧನವೊಂದೇ ಎಂದು ಹುಡುಗನೊಬ್ಬ ಹೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಗೂಡಿನ ಸುತ್ತ 5-6 ಅಡಿ ನೆಲ ಗುಡಿಸಿ ಬರಿದಾಗಿಡುವುದು ಎಂದು ತೀರ್ಮಾನವಾಯಿತು.

ಹೊಗೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಟ್ಟೆ, ಏಕೆಂದರೆ ಜ್ವಾಲೆ ಗೂಡಿನ ತನಕ ಬರದಿದ್ದರೂ ಹೊಗೆ ಬರುತ್ತದೆ. ಹಕ್ಕಿಯ ಶ್ವಾಸಕೋಶಕ್ಕೆ ವಾಯುಚೀಲಗಳ ಜೋಡಣೆ ಇದೆ. ಅದರೊಳಗೆ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಆಮ್ಲಜನಕವನ್ನು ಚೆನ್ನಾಗಿ ಹೀರುವ ಆ ಅಂಗವೇ ವಿಷಾನಿಲವನ್ನೂ ಬೇಗ ಹೀರುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿ ಇಟ್ಟುಕೊಳ್ಳುತ್ತಿದ್ದುದು ಇದಕ್ಕೇ. ಕೊಕ್ಕು ತೆರೆದು ಏದುಸಿರು ಬಿಡುವ ಕೋಳಿಯನ್ನು ಅಟ್ಟಾಡಿಸಬಾರದು. ಹೊಗೆಯಿಲ್ಲದ ನೆರಳಲ್ಲಿ ನೀರಿಟ್ಟು ಸುಮ್ಮನೆ ಬಿಡಬೇಕು. ಸುಟ್ಟ ಗಾಯವಿದ್ದರೆ 1962ಕ್ಕೆ ಕರೆ ಮಾಡಿ ಪಶುವೈದ್ಯರ ಸಹಾಯ ಕೇಳಬಹುದು.

ನಾಯಿಯ ಬಗ್ಗೆ ಬೇಗ ಮುಗಿಸಿದೆ: ಯಾರೂ ಇಲ್ಲದ ಮನೆಯಲ್ಲಿ ಬೇಸಿಗೆಯ ದಿನ ಸರಪಳಿ ಹಾಕಿ ಹೋಗಬಾರದು. ಬೆಕ್ಕಿಗೆ ದಿಂಬಿನ ಕವರು ಸಾಕು.

ಮನೆಗೆಲಸ ಮಾತ್ರ ಬರೆಯುವುದಲ್ಲ, ಮಾಡುವುದು. ಬೆಂಕಿ ಇಲ್ಲದ ದಿನ ಕೋಳಿಯನ್ನು ಹಗಲಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಹಿಡಿದು ಮಂಕರಿಯೊಳಗೆ ಮುಚ್ಚಬೇಕು. ಹಗಲಲ್ಲಿ ಅಟ್ಟಾಡಿಸಿ ಸೋತವರೇ ಹೆಚ್ಚು. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದ ಕಾರಣ ಸದ್ದಿಲ್ಲದೆ ಕೈಗೆ ಸಿಕ್ಕಿತು ಎಂದರು. ಹೊಗೆಯ ವಾಸನೆ ದೂರದಿಂದ ಬರುವ ರಾತ್ರಿಯೇ ಕೋಳಿಗಳನ್ನು ಎತ್ತಿ ಮನೆಯೊಳಗೆ ತಂದಿಟ್ಟುಕೊಳ್ಳಬಹುದು ಎಂಬುದು ಮಕ್ಕಳೇ ಕಂಡುಕೊಂಡ ಅಂಶ. ನನ್ನ ಯೋಜನೆಯಲ್ಲಿ ಅದಿರಲಿಲ್ಲ.

ಒಂದು ಕೊರತೆ ಉಳಿಯಿತು. ಮೌಲ್ಯಮಾಪನಕ್ಕೆ ನಾನು ಕೊಟ್ಟ ಐದೂ ಪ್ರಶ್ನೆಗಳು ಹಳೆಯ ಯೋಜನೆಯವು. ಮಾಡಿ ಕಲಿತದ್ದನ್ನು ಅಳೆಯುವ ಒಂದೂ ಇರಲಿಲ್ಲ.

ಕಾವಿಗೆ ಕೂತ ಕೋಳಿಯನ್ನು ಆ ಹುಡುಗಿ ಮೊಟ್ಟೆಗಳ ಸಮೇತ ಹಳೇ ಬಕೆಟ್ಟಿಗೆ ಬದಲಾಯಿಸಿದ್ದಳಂತೆ, ಬೇಲಿಯ ಮೂಲೆ ಬಿಟ್ಟು ಬಚ್ಚಲ ಗೋಡೆಯ ಪಕ್ಕಕ್ಕೆ. “ಒಂದಿನ ಮುನಿಸ್ಕೊಂಡಿತ್ತು ಮಿಸ್, ಆಮೇಲೆ ಕೂತ್ಕೊಂತು” ಎಂದಳು.