ನೀನಿಲ್ಲದ ತಿಂಗಳಲ್ಲೂ ನಡೆಯುವ ಟೀಮ್

ಮಗಳೇ, ನಿನ್ನ ನೇರ ಮಾರಾಟದ ಟೀಮಿನಲ್ಲಿ ಈಗ ನಲವತ್ತು ಜನರಿದ್ದಾರೆಂದು ನಿಮ್ಮಮ್ಮ ಹೇಳಿದಳು. ಸಂತೋಷ. ಆದರೆ ಒಂದು ಮಾತು ಕೇಳುತ್ತೇನೆ, ನಿಧಾನವಾಗಿ ಯೋಚಿಸು. ನಾಳೆ ಮನೆಯಲ್ಲಿ ಯಾರದೋ ಆಪರೇಷನ್ ಎಂದು ನೀನು ಎರಡು ತಿಂಗಳು ಆಸ್ಪತ್ರೆಯಲ್ಲಿ ಕೂರಬೇಕಾಯಿತು ಅಂದುಕೋ. ನಿನ್ನ ಫೋನ್ ಇಲ್ಲದೆ, ನಿನ್ನ ಮೀಟಿಂಗ್ ಇಲ್ಲದೆ, ಆ ನಲವತ್ತರಲ್ಲಿ ಎಷ್ಟು ಜನ ತಾವೇ ಹೋಗಿ ಒಂದು ಡಬ್ಬಿ ಮಾರಿಯಾರು? ಅಷ್ಟು ಜನ ಮಾತ್ರ ನಿನ್ನ ಟೀಮ್. ಉಳಿದವರು ನಿನ್ನ ಮೇಲಿನ ದಾಕ್ಷಿಣ್ಯಕ್ಕೆ ಹೆಸರು ಬರೆಸಿದವರು, ನೀನು ಒಂದೆರಡು ತಿಂಗಳು ಕಾಣದಿದ್ದರೆ ಜಾರಿಕೊಳ್ಳುತ್ತಾರೆ.

ಇದು ಅವರ ತಪ್ಪಲ್ಲ. ಹೊಸಬಳೊಬ್ಬಳು ಬಂದಾಗ ಅವಳ ಪರವಾಗಿ ಪ್ಲಾನ್ ಹೇಳುವವಳು ನೀನು. ಅವಳ ಆರ್ಡರ್ ಹಾಕುವುದು ನಿನ್ನ ಮೊಬೈಲಿನಿಂದ. ತಿಂಗಳ ಕೊನೆಗೆ ಪಾಯಿಂಟ್ ಸಾಲದಿದ್ದರೆ ದುಡ್ಡು ತುಂಬಿ ಲೆವೆಲ್ ಉಳಿಸುವವಳೂ ನೀನೇ. ಪ್ರೀತಿಯಿಂದಲೇ ಮಾಡುತ್ತೀ, ನನಗೆ ಗೊತ್ತು. ಆದರೆ ಆರು ತಿಂಗಳು ಕಳೆದರೂ ಅವಳಿಗೆ ತನ್ನ ಐಡಿಯ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಗಿರಾಕಿ ಒಂದು ಪ್ರಶ್ನೆ ಕೇಳಿದರೆ "ನಮ್ಮ ಮೇಡಂಗೆ ಕೇಳಿ ಹೇಳ್ತೀನಿ" ಅನ್ನುತ್ತಾಳೆ.

ಹೊಸಬರಿಗೆ ಮೊದಲು ಮಾರುವುದನ್ನು ಕಲಿಸು, ಸೇರಿಸುವುದನ್ನಲ್ಲ. ಮೊದಲ ಎರಡು ಮೂರು ತಿಂಗಳು ಯಾರನ್ನೂ ಜಾಯಿನ್ ಮಾಡಿಸಬೇಡಿ ಎಂದು ಅವರಿಗೆ ಖಡಾಖಂಡಿತವಾಗಿ ಹೇಳು. ಗಿರಾಕಿಗಳಲ್ಲಿ ಅತ್ತಿಗೆ, ನಾದಿನಿ, ಚಿಕ್ಕಮ್ಮ ಲೆಕ್ಕಕ್ಕಿಲ್ಲ. ಪರಿಚಯವಷ್ಟೇ ಇರುವ ಹತ್ತು ಜನ ಕೊಳ್ಳಬೇಕು, ಮುಗಿದಾಗ ಅವರಾಗಿಯೇ ಮತ್ತೆ ಕೇಳಬೇಕು. ಹತ್ತು ಎಂಬ ಲೆಕ್ಕ ನನ್ನದಲ್ಲ. 1979ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಮ್‌ವೇ ಕಂಪನಿಯದು ಪಿರಮಿಡ್ ಮೋಸವಲ್ಲ ಎಂದು ತೀರ್ಪು ಕೊಟ್ಟಾಗ ಮುಖ್ಯವಾಗಿ ನೋಡಿದ್ದು ಅದರ ಮೂರು ನಿಯಮಗಳನ್ನು: ತಿಂಗಳಿಗೆ ಹತ್ತು ಬೇರೆ ಬೇರೆ ಗಿರಾಕಿಗಳಿಗೆ ಮಾರಿರಬೇಕು, ಕೊಂಡ ಮಾಲಿನಲ್ಲಿ ಶೇ. 70ರಷ್ಟಾದರೂ ಮಾರಾಟವಾಗಿರಬೇಕು, ಬಿಟ್ಟುಹೋಗುವವರ ಉಳಿದ ಮಾಲನ್ನು ವಾಪಸು ಕೊಳ್ಳಬೇಕು. ಹೊರಗಿನ ಗಿರಾಕಿ ಇದ್ದರೆ ಅದು ವ್ಯಾಪಾರ. ಮಾಲೆಲ್ಲ ಸೇರಿದವರ ಮನೆಯ ಅಟ್ಟದ ಮೇಲೆಯೇ ಉಳಿದರೆ ಅದನ್ನು ವ್ಯಾಪಾರ ಅನ್ನಲಾಗದು.

"ಪ್ರತಿಯೊಬ್ಬರೂ ಬರೀ ಆರು ಜನರನ್ನು ತನ್ನಿ ಸಾಕು" ಎಂದು ವೇದಿಕೆಯ ಮೇಲೆ ಹೇಳುತ್ತಾರಲ್ಲ, ಮನೆಗೆ ಬಂದು ಕಾಗದದ ಮೇಲೆ ಗುಣಿಸಿ ನೋಡು. ಆರು, ಮೂವತ್ತಾರು, ಇನ್ನೂರ ಹದಿನಾರು. ಹತ್ತನೇ ಮೆಟ್ಟಿಲಿಗೆ 6,04,66,176 ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ 6.11 ಕೋಟಿ, ತೊಟ್ಟಿಲ ಕೂಸೂ ಸೇರಿ. ಈ ಲೆಕ್ಕವನ್ನು ನಿನ್ನ ಟೀಮಿನ ಮುಂದೆ ನೀನೇ ಬಿಡಿಸಿ ತೋರಿಸು. ಯಾರೂ ಓಡಿಹೋಗುವುದಿಲ್ಲ. ಸೇರಿಸುವುದರಿಂದ ಹೊಟ್ಟೆ ತುಂಬದು, ಗಿರಾಕಿಯನ್ನು ಉಳಿಸಿಕೊಳ್ಳಬೇಕು ಎಂಬುದು ಅವರಿಗೇ ಹೊಳೆಯುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. ಜನರನ್ನು ಸೇರಿಸಿಯೇ ದುಡ್ಡು ಮಾಡುವ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸಿದ 1978ರ ಕಾಯ್ದೆಯ ಕೆಳಗೆ ನಡೆಸುವವನಷ್ಟೇ ಅಲ್ಲ, ಅದರಲ್ಲಿ ಸೇರಿ ಭಾಗವಹಿಸುವವನೂ ತಪ್ಪಿತಸ್ಥ. 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟ ನಿಯಮಗಳ ಪ್ರಕಾರ ಕಂಪನಿ ಸೇರುವ ಶುಲ್ಕ ಕೇಳುವಂತಿಲ್ಲ. ಸೇರಿದವರ ಜೊತೆ ಲಿಖಿತ ಕರಾರು ಮಾಡಿಕೊಳ್ಳಬೇಕು, ನಿಗದಿತ ಅವಧಿಯೊಳಗೆ ದಂಡವಿಲ್ಲದೆ ಹಿಂದೆ ಸರಿಯಲು ಬಿಡಬೇಕು. ಮಾರುವವರು ಮೊದಲೇ ಒಪ್ಪಿಗೆ ಪಡೆಯದೆ, ಗುರುತಿನ ಚೀಟಿಯಿಲ್ಲದೆ ಯಾರ ಮನೆಗೂ ಹೋಗುವಂತಿಲ್ಲ. ಇದನ್ನು ನೀನು ಓದಿಕೊಂಡರೆ ಸಾಲದು. ಟೀಮಿನ ಪ್ರತಿಯೊಬ್ಬರೂ ತಮ್ಮ ಕರಾರನ್ನು ತಾವೇ ಓದಿರಬೇಕು. ಇಂಗ್ಲಿಷಿನಲ್ಲಿದ್ದರೆ ಕೂತು ಸಾಲುಸಾಲಾಗಿ ಕನ್ನಡದಲ್ಲಿ ಹೇಳು, ಒಂದು ಭಾನುವಾರ ಅದಕ್ಕೇ ಹೋಗಲಿ.

ಇನ್ನೊಂದು ವಿಷಯಕ್ಕೆ ನನಗೆ ನಿಜಕ್ಕೂ ಭಯವಿದೆ. ನಿಮ್ಮ ಗ್ರೂಪಿನಲ್ಲಿ ಯಾರೋ "ಈ ಪುಡಿ ತಗೊಂಡರೆ ಸಕ್ಕರೆ ಕಾಯಿಲೆ ಮಾಯ, ಮಾತ್ರೆ ಬಿಡಬಹುದು" ಎಂದು ಹಾಕಿದ್ದನ್ನು ನನಗೊಬ್ಬರು ತೋರಿಸಿದರು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ ಗುಣಪಡಿಸುತ್ತೇವೆಂದು ಪ್ರಚಾರ ಮಾಡುವುದನ್ನು 1954ರ ಕಾಯ್ದೆಯೇ ತಡೆದಿದೆ, ಬಾಯಿಮಾತಿನ ಪ್ರಚಾರವೂ ಅದರಲ್ಲಿ ಸೇರಿದೆ. ಕಾಯ್ದೆ ಹಾಗಿರಲಿ, ನಿನ್ನ ಟೀಮಿನವಳ ಮಾತು ನಂಬಿ ಒಬ್ಬ ಮುದುಕ ಇನ್ಸುಲಿನ್ ಬಿಟ್ಟರೆ ಆ ಮನೆಯ ಗತಿ ಏನು? ತನಗೇ ಗೊತ್ತಿಲ್ಲದ ಮಾತನ್ನು ಮೇಲಿನವರು ಹೇಳಿಕೊಟ್ಟರೆಂದು ಒಪ್ಪಿಸುವವಳು ಸ್ವಂತ ಕಾಲ ಮೇಲೆ ನಿಂತಿಲ್ಲ. "ಇದು ಔಷಧಿಯಲ್ಲ, ಡಾಕ್ಟರನ್ನು ಕೇಳಿ" ಎಂದು ಹೇಳಿ, ಆ ಮಾರಾಟ ಕೈತಪ್ಪಿದರೂ ಅಳುಕದವಳನ್ನು ಬೆಳೆಸು. ಆ ಮನೆಯವರು ಸೋಪಿಗಾದರೂ ಅವಳನ್ನೇ ಕರೆಯುತ್ತಾರೆ.

ಪ್ರತಿಯೊಬ್ಬರ ಕೈಯಲ್ಲೂ ಒಂದು ಪುಸ್ತಕವಿರಲಿ. ಕಂಪನಿಯಿಂದ ಬಂದದ್ದು ಒಂದು ಕಡೆ. ಇನ್ನೊಂದು ಕಡೆ ಕೊಂಡ ಮಾಲು, ಬಸ್ ಚಾರ್ಜು, ಮೀಟಿಂಗ್ ಟಿಕೆಟ್, ಹಾಲ್ ಬಾಡಿಗೆಗೆ ಕೊಟ್ಟ ಪಾಲು. ಕಮಿಷನ್ ಎರಡು ಸಾವಿರ ಬಂದು ಖರ್ಚು ಎರಡೂವರೆ ಸಾವಿರವಾಗಿದ್ದರೆ ಅದು ಅವಳಿಗೆ ಪುಸ್ತಕದಲ್ಲಿ ಕಾಣಲಿ. ಚಪ್ಪಾಳೆ ಹೊಡೆದು ಅದನ್ನು ಮುಚ್ಚಬೇಡ. ಸಾಲ ಮಾಡಿ, ಒಡವೆ ಅಡ ಇಟ್ಟು ಪಾಯಿಂಟ್ ತುಂಬುವವರನ್ನು ಅಲ್ಲೇ ತಡೆ, ನಿನ್ನ ಲೆವೆಲ್ ಬಿದ್ದರೂ ಸರಿ.

ಕ್ರಮೇಣ ಮೀಟಿಂಗನ್ನೂ ಅವರ ಕೈಗೆ ಕೊಡು. ಅವರು ತಡವರಿಸುತ್ತಾರೆ, ನೀನು ಹೇಳುವಂತೆ ಹೇಳುವುದಿಲ್ಲ. ನಡುವೆ ಎದ್ದು ತಿದ್ದಬೇಡ, ಹಿಂದಿನ ಸಾಲಿನಲ್ಲಿ ಕೂರು. ಯಾರಾದರೂ "ಅಕ್ಕಾ, ಇದು ನನಗೆ ಒಗ್ಗುತ್ತಿಲ್ಲ" ಎಂದರೆ ಸೋತವಳೆಂಬಂತೆ ನೋಡಬೇಡ. ಬಿಡುವ ಸ್ವಾತಂತ್ರ್ಯ ಇರುವಲ್ಲಿ ಮಾತ್ರ ಉಳಿದವರು ಮನಸ್ಸಿಟ್ಟು ದುಡಿಯುತ್ತಾರೆ.

ನಿನ್ನ ಟೀಮಿನ ಆ ಅಂಗನವಾಡಿ ಸಹಾಯಕಿಯ ಮನೆಯಲ್ಲಿ ಎರಡು ಪೆಟ್ಟಿಗೆ ಮಾಲು ಒಡೆಯದೆ ಬಿದ್ದಿದೆಯಂತೆ. ಗಂಡನಿಗೆ ತಿಳಿಯದಂತೆ ಕೊಂಡದ್ದು, ನಿನಗೆ ಹೇಳಲು ಅಂಜುತ್ತಿದ್ದಾಳೆ. ಈ ವಾರವೇ ನೀನಾಗಿ ಹೋಗು. ಬಿಲ್ಲು ಹುಡುಕಿಸಿ ವಾಪಸಾತಿಯ ಅರ್ಜಿಯನ್ನು ಅವಳ ಕೈಯಿಂದಲೇ ಬರೆಸು. ಕಂಪನಿ ಸತಾಯಿಸಿದರೆ ಅದರ ದೂರು ಅಧಿಕಾರಿಗೆ ಬರೆಯಲಿ, ಅಲ್ಲೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಲಿ. ನೀನು ಪಕ್ಕದಲ್ಲಿರು, ಮಾತು ಮಾತ್ರ ಅವಳೇ ಆಡಲಿ.