42ನೆಯ ದಿನ: ಮಾಲೆ ತೆಗೆಯುವ ಮೊದಲೇ ಹುಡುಕಿಟ್ಟುಕೊಳ್ಳಬೇಕಾದ ಸಭೆ



ಇವತ್ತಿನ ಪಾಠದ ವಿಷಯವನ್ನು ನಾವು ಬಾಯಿಬಿಟ್ಟು ಆಡುವುದು ಕಡಿಮೆ. ಆದರೂ ನಮ್ಮ ಎಷ್ಟೋ ಮನೆಗಳಿಗೆ ಅದು ಗೊತ್ತು. 41 ದಿನ ಒಂದು ಹನಿಯನ್ನೂ ಮುಟ್ಟದ ಸ್ವಾಮಿ, ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಬಾರಿನ ಮುಂದೆ ನಿಂತಿರುತ್ತಾರೆ. "41 ದಿನ ಬಿಟ್ಟಿದ್ದವರಿಗೆ ಇವತ್ತು ಬಿಡೋಕೆ ಆಗಲ್ವಾ?" ಎಂದು ಮನೆಯವರು ಕೇಳುತ್ತಾರೆ. ಅವರ ಬಳಿ ಉತ್ತರವಿಲ್ಲ. ಆ ನಾಚಿಕೆಗೆ ಇನ್ನೊಂದು ಗ್ಲಾಸು.

ಆ ಪ್ರಶ್ನೆಗೆ ಉತ್ತರ ಇದೆ ಸ್ವಾಮಿ.

*41 ದಿನ ನಮ್ಮನ್ನು ಹಿಡಿದಿಟ್ಟದ್ದು ಯಾವುದು?*

ಕೊರಳಲ್ಲಿ ಮಾಲೆ ಇತ್ತು. ಬೆಳಿಗ್ಗೆ ತಣ್ಣೀರು ಸ್ನಾನ, ಸಂಜೆ ಶರಣು ಕೂಗುವ ಗುಂಪು ಇತ್ತು. ತಪ್ಪಿದರೆ ಕೇಳುವ ಗುರುಸ್ವಾಮಿ ಇದ್ದರು. ನಿನ್ನೆವರೆಗೆ ಬೈಯುತ್ತಿದ್ದವರೂ "ಸ್ವಾಮಿ" ಎಂದು ಕರೆಯುತ್ತಿದ್ದರು. ಮಾಲೆ ತೆಗೆದ ದಿನ ಇವೆಲ್ಲವೂ ಒಟ್ಟಿಗೆ ಹೋಗುತ್ತವೆ, ಚಟ ಮಾತ್ರ ಅಲ್ಲೇ ಉಳಿದಿರುತ್ತದೆ. ಒಬ್ಬರೇ ಆಗಿಬಿಟ್ಟ ಆ ಸ್ವಾಮಿಯನ್ನು ಭಕ್ತಿ ಕಡಿಮೆಯಾಯಿತು ಎಂದು ದೂರಿ ಫಲವಿಲ್ಲ. ಅವರಿಗೆ ಬೇಕಾದದ್ದು ವರ್ಷದ ಉಳಿದ ದಿನಗಳಿಗೂ ಒಂದು ಗುಂಪು.

*ಅಂಥ ಗುಂಪು ಇದೆ*

1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರು ಮತ್ತು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು ಭೇಟಿಯಾದರು. ಇಬ್ಬರೂ ಕುಡಿತದಿಂದ ಬದುಕು ಕೆಡಿಸಿಕೊಂಡವರು. ಒಬ್ಬ ಕುಡುಕನ ಕಷ್ಟ ಇನ್ನೊಬ್ಬ ಕುಡುಕನಿಗೆ ಅರ್ಥವಾಗುತ್ತದೆ, ಹಾಗೆ ಮಾತಾಡಿಕೊಂಡರೆ ಇಬ್ಬರೂ ಆ ದಿನ ಕುಡಿಯದೆ ಇರಬಲ್ಲರು ಎಂದು ಕಂಡುಕೊಂಡರು. ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎಎ. ಸೇರಲು ಇರುವುದು ಒಂದೇ ಅರ್ಹತೆ: ಕುಡಿತ ಬಿಡಬೇಕೆಂಬ ಆಸೆ. ಶುಲ್ಕವಿಲ್ಲ, ಜಾತಿ ಧರ್ಮ ಕೇಳುವುದಿಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಪರಿಶೀಲಿಸಿತು. ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಎಎ ದಾರಿ ಬೇರೆ ಚಿಕಿತ್ಸೆಗಳಿಗೆ ಸಮನಾಗಿ, ಹಲವು ಕಡೆ ಅವಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಹೇಳಿತು.

*ಹುಡುಕುವುದು ಹೇಗೆ?*

1. ಎಎಯ ಭಾರತ ಕಚೇರಿ ಮುಂಬೈಯಲ್ಲಿದೆ. ಮೊಬೈಲಿನಲ್ಲಿ "ಎಎ ಇಂಡಿಯಾ ಮೀಟಿಂಗ್" ಎಂದು ನಿಮ್ಮ ಬಡಾವಣೆಯ ಹೆಸರಿನ ಜೊತೆ ಹುಡುಕಿ. ಫೋನ್ ಮಾಡಿದರೆ ಎತ್ತುವವರು ಸಾಮಾನ್ಯವಾಗಿ ತಾವೂ ಕುಡಿತ ಬಿಟ್ಟವರೇ.

2. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಕರೆ ಉಚಿತ.

3. ಪುಣೆಯ ಮುಕ್ತಾಂಗಣ, ಮುಂಬೈಯ ಕೃಪಾ ಫೌಂಡೇಶನ್, ಚೆನ್ನೈಯ ಟಿಟಿಕೆ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಇಂಥ ಕಡೆ ಚಿಕಿತ್ಸೆಯೂ ಸಿಗುತ್ತದೆ, ಮುಂದಿನ ದಾರಿಯೂ ಸಿಗುತ್ತದೆ.

4. ಭಾಷೆಯನ್ನು ಕೇಳಿಕೊಳ್ಳಿ. ಮುಂಬೈಯಲ್ಲಿ ಹಿಂದಿ, ಮರಾಠಿ, ಚೆನ್ನೈಯಲ್ಲಿ ತಮಿಳು ಸಭೆಗಳು ಸಿಗುತ್ತವೆ. ಆದರೆ ಮನಸ್ಸಿನ ನೋವು ಬರುವುದು ತಾಯ್ನುಡಿಯಲ್ಲಿ. ಕನ್ನಡದಲ್ಲೇ ಮಾತಾಡಬೇಕು ಎನ್ನುವವರು ಫೋನಿನಲ್ಲಿ ಸೇರಬಹುದಾದ ಕನ್ನಡ ಸಭೆ ಇದೆಯೇ ಎಂದು ವಿಚಾರಿಸಿ. ಊರಿಗೆ ಹೋದಾಗ ಅಲ್ಲಿನ ಸಭೆಗೂ ಹೋಗಿ ಬನ್ನಿ.

5. "ಓಪನ್ ಮೀಟಿಂಗ್"ಗೆ ಮನೆಯವರೂ ಜೊತೆಗೆ ಬರಬಹುದು. "ಕ್ಲೋಸ್ಡ್ ಮೀಟಿಂಗ್" ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ.

*ಮೊದಲ ದಿನ*

ಅಲ್ಲಿ ನೀವು ಕನ್ನಿಸ್ವಾಮಿ. ಸುಮ್ಮನೆ ಹಿಂದೆ ಕೂತು ಕೇಳಿದರೂ ಸಾಕು, ಮಾತಾಡಲೇಬೇಕೆಂದಿಲ್ಲ. ಹೆಸರು ಹೇಳಿದರೆ ಸಾಕು. ಮನೆತನ, ಆಫೀಸು ಯಾರೂ ಕೇಳುವುದಿಲ್ಲ. ಅಲ್ಲಿ ಕೇಳಿದ ಮಾತನ್ನು ಹೊರಗೆ ಆಡಬಾರದು ಎಂಬುದು ಅವರ ಕಟ್ಟುಪಾಡು. ಅನೇಕ ಸಭೆಗಳು ಚರ್ಚಿನ ಅಥವಾ ಶಾಲೆಯ ಕೋಣೆಯಲ್ಲಿ ನಡೆಯುತ್ತವೆ. ಚರ್ಚು ಎಂದು ಹಿಂಜರಿಯಬೇಡಿ, ಕೋಣೆ ಮಾತ್ರ ಅವರದು. ಎಎ ಹೇಳುವುದು ಅವರವರು ತಿಳಿದಂತೆ ದೇವರು ಎಂದು. ನೀವು ಮನಸ್ಸಿನಲ್ಲಿ ಅಯ್ಯಪ್ಪನನ್ನೇ ನೆನೆಯಿರಿ.

ನಮ್ಮ ಗುರುಸ್ವಾಮಿಯ ಹಾಗೆ ಅಲ್ಲಿ "ಸ್ಪಾನ್ಸರ್" ಇರುತ್ತಾರೆ. ಮೊದಲೇ ಆ ದಾರಿ ನಡೆದವರು, ಆಸೆ ಎದ್ದ ರಾತ್ರಿ ಫೋನ್ ಮಾಡಬಹುದಾದವರು. ಮೊದಲ 90 ದಿನಕ್ಕೆ 90 ಸಭೆ ಎಂಬ ಮಾತೂ ಅಲ್ಲಿ ರೂಢಿಯಲ್ಲಿದೆ. ಮಂಡಲ ವ್ರತ ಮಾಡಿದವರಿಗೆ ಅದರ ಅರ್ಥ ಬೇರೆ ಹೇಳಬೇಕಿಲ್ಲ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ ನೋಡಿ, ಒಂದೇ ದಿನಕ್ಕೆ ಕೈಬಿಡಬೇಡಿ.

*ಒಂದು ಎಚ್ಚರಿಕೆ*

ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವವರು, ದಿನವೂ ಹೆಚ್ಚು ಕುಡಿಯುವವರು ಮಾಲೆ ಹಾಕುವ ದಿನ ತಟ್ಟನೆ ನಿಲ್ಲಿಸಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣಿಸಿ, ಬುದ್ಧಿ ಭ್ರಮಿಸಿ, ಜೀವಕ್ಕೇ ಅಪಾಯವಾಗಬಹುದು. ಮುಂಚೆಯೇ ಡಾಕ್ಟರನ್ನು ಕಾಣಿ. ಅವರ ಮದ್ದಿನಿಂದ ಇಳಿಸಿಕೊಂಡು ಆಮೇಲೆ ಮಾಲೆ ಹಾಕಿ. ಗುರುಸ್ವಾಮಿಗಳೂ ಮಾಲೆ ಹಾಕುವ ಮೊದಲು ಇದನ್ನು ಗುಟ್ಟಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

*ಮನೆಯವರಿಗೆ*

ಅವರು ಬರಲೊಪ್ಪದಿದ್ದರೂ ನೀವು ಹೋಗಬಹುದು. 1951ರಲ್ಲಿ ಶುರುವಾದ ಆಲ್-ಅನಾನ್ ಕುಡಿಯುವವರ ಹೆಂಡತಿ, ತಾಯಿ, ಅಣ್ಣತಮ್ಮಂದಿರಿಗಾಗಿಯೇ ಇರುವ ಗುಂಪು. ಅಲ್ಲಿ ಕಲಿಸುವ ಮೊದಲ ಮಾತು, ಈ ಕುಡಿತಕ್ಕೆ ನೀವು ಕಾರಣರಲ್ಲ ಎಂಬುದು.

*ಈ ವಾರದ ಸಾಧನೆ*

ಇರುಮುಡಿ ಕಟ್ಟುವ ಮೊದಲೇ ಹತ್ತಿರದ ಒಂದು ಸಭೆಯ ವಿಳಾಸ, ವಾರ, ಸಮಯ ಬರೆದಿಟ್ಟುಕೊಳ್ಳಿ. ಆದರೆ ಮಾಲೆ ಕೊರಳಲ್ಲಿರುವಾಗಲೇ ಒಮ್ಮೆ ಹೋಗಿ ಬನ್ನಿ, ಆಗ ಧೈರ್ಯ ಹೆಚ್ಚು. ಮಾಲೆ ತೆಗೆದ ಸಂಜೆ ಕಾಲು ಯಾವ ಕಡೆ ತಿರುಗಬೇಕು ಎಂಬುದು ಆಗಲೇ ತೀರ್ಮಾನವಾಗಿರುತ್ತದೆ. ಹೋದ ವರ್ಷ ಮಾಲೆ ತೆಗೆದು ಮತ್ತೆ ಕುಡಿದವರಿಗೂ ಬಾಗಿಲು ಮುಚ್ಚಿಲ್ಲ. ಇವತ್ತೇ ಮೊದಲ ದಿನ ಎಂದು ಎಣಿಸಿ.

ಗುಂಪಿನಲ್ಲಿ ಹೇಳಿಕೊಳ್ಳಲು ಸಂಕೋಚವಿದ್ದರೆ ನಿಮ್ಮ ಗುರುಸ್ವಾಮಿಗಳಿಗೆ ಖಾಸಗಿಯಾಗಿ ತಿಳಿಸಿ. ಜೊತೆಗೆ ಬಾಗಿಲವರೆಗೆ ಬರಲು ಒಬ್ಬ ಸ್ವಾಮಿ ಖಂಡಿತ ಸಿಗುತ್ತಾರೆ.

ಸ್ವಾಮಿ ಶರಣಂ.