ಮನೆಮಾತು, ಪರಿಸರ ಮತ್ತು ಶಿಕ್ಷಕರ ನಿರೀಕ್ಷೆ

ಒಂದನೆಯ ತರಗತಿಗೆ ಬರುವ ಮಗು ಬರಿಗೈಯಲ್ಲಿ ಬರುವುದಿಲ್ಲ. ಐದಾರು ವರ್ಷ ಕಿವಿಗೆ ಬಿದ್ದ ಮಾತು, ಯಾವುದು ಮೇಲು ಯಾವುದು ಕೀಳೆಂಬ ಹಿರಿಯರ ಎಣಿಕೆ, ತನ್ನಿಂದ ಏನಾದೀತೆಂಬ ಅಂಜಿಕೆ ಇವೆಲ್ಲ ಅದರೊಡನೆ ಬರುತ್ತವೆ. ಗಡಿಭಾಗದ ಕನ್ನಡ ಶಾಲೆಗಳಲ್ಲಿ ಈ ಹೊರೆ ಇನ್ನಷ್ಟು ಭಾರವಾದುದು. ಅಂಗಡಿಯ ಫಲಕ, ಬಸ್ಸಿನ ಬೋರ್ಡು, ಕಚೇರಿಯ ಅರ್ಜಿ ಬೇರೊಂದು ಭಾಷೆಯಲ್ಲಿರುವಾಗ, ತನ್ನ ಮಾತು ಮನೆಯೊಳಗಷ್ಟೇ ಸಲ್ಲುವಂಥದು ಎಂಬ ಭಾವನೆ ಯಾರೂ ಹೇಳಿಕೊಡದೆಯೇ ಬೇರೂರುತ್ತದೆ.

ಇಂಥ ಮಗುವನ್ನು ಕಂಡು 'ಮನೆಯ ವಾತಾವರಣವೇ ಹಾಗಿದೆ, ಇದರಿಂದ ಇಷ್ಟೇ ಸಾಧ್ಯ' ಎಂದು ಶಿಕ್ಷಕರು ತೀರ್ಮಾನಿಸುವುದುಂಟು. ಆ ತೀರ್ಮಾನವೂ ಮಗುವಿನ ಪರಿಸರದಲ್ಲಿ ಸೇರಿಹೋಗುತ್ತದೆ. ಈ ದೃಷ್ಟಿಯಿಂದ ಅಮೆರಿಕದ ಪ್ರಯೋಗವೊಂದು ಪರಿಶೀಲನಾರ್ಹ. ಮನೋವಿಜ್ಞಾನಿ ರಾಬರ್ಟ್ ರೋಸೆಂಥಾಲ್ ಮತ್ತು ಮುಖ್ಯೋಪಾಧ್ಯಾಯಿನಿ ಲೆನೋರ್ ಜೇಕಬ್ಸನ್ 1964ರಲ್ಲಿ ಕ್ಯಾಲಿಫೋರ್ನಿಯದ ಒಂದು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬುದ್ಧಿಪರೀಕ್ಷೆ ನಡೆಸಿದರು. ಅವರಲ್ಲಿ ಮೆಕ್ಸಿಕನ್ ಮೂಲದ ಮಕ್ಕಳೂ ಇದ್ದರು. ಬಳಿಕ ಸುಮಾರು ಐದರಲ್ಲೊಂದು ಪಾಲು ಮಕ್ಕಳ ಹೆಸರನ್ನು ಶಿಕ್ಷಕರಿಗೆ ತಿಳಿಸಿ, ಇವರು ಈ ವರ್ಷ ವಿಶೇಷವಾಗಿ ಬೆಳೆಯುವರೆಂದು ನಂಬಿಸಿದರು. ವಾಸ್ತವದಲ್ಲಿ ಆ ಹೆಸರುಗಳನ್ನು ಚೀಟಿ ಎತ್ತಿದಂತೆ ಆರಿಸಲಾಗಿತ್ತು. ಎಂಟು ತಿಂಗಳ ಅನಂತರ ಪುನಃ ಪರೀಕ್ಷಿಸಿದಾಗ, ಒಂದು ಮತ್ತು ಎರಡನೆಯ ತರಗತಿಗಳಲ್ಲಿ ಈ ಮಕ್ಕಳು ಉಳಿದವರಿಗಿಂತ ಎದ್ದುಕಾಣುವಷ್ಟು ಮುಂದಾಗಿದ್ದರು. ಮೇಲಿನ ತರಗತಿಗಳಲ್ಲಿ ಅಂತರ ಸ್ಪಷ್ಟವಾಗಿರಲಿಲ್ಲ. 1968ರಲ್ಲಿ ಪ್ರಕಟವಾದ ಈ ಅಧ್ಯಯನದ ಅಳತೆಗಳನ್ನು ಹಲವು ವಿದ್ವಾಂಸರು ಕಟುವಾಗಿ ಟೀಕಿಸಿದರು. ನಿರೀಕ್ಷೆಯ ಪರಿಣಾಮ ಉಂಟು, ಆದರೆ ಅಲ್ಲಿ ಕಂಡಷ್ಟು ದೊಡ್ಡದಲ್ಲ ಎಂಬುದು ಮುಂದಿನ ಸಂಶೋಧನೆಗಳ ಒಟ್ಟು ಒಲವು.

ಅದೇ ಅಧ್ಯಯನದ ಇನ್ನೊಂದು ಅಂಶ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಹೆಸರಿಸದ ಮಕ್ಕಳಲ್ಲೂ ಕೆಲವರು ತಾವಾಗಿಯೇ ಮುಂದುವರಿದಿದ್ದರು. ಅಂಥವರ ವಿಷಯದಲ್ಲಿ, ಮುಖ್ಯವಾಗಿ ಹಿಂದುಳಿದವರೆಂದು ಬೇರೆ ಕೂರಿಸಿದವರ ವಿಷಯದಲ್ಲಿ, ಶಿಕ್ಷಕರ ಅಭಿಪ್ರಾಯ ಒಳ್ಳೆಯದಾಗಿರಲಿಲ್ಲ. ಮಗು ಬದಲಾದರೂ ಅದರ ಬಗೆಗಿನ ಎಣಿಕೆ ಹಳೆಯ ಜಾಗದಲ್ಲೇ ನಿಂತಿತ್ತು.

ಗಡಿನಾಡಿನ ತರಗತಿಗೆ ಇದನ್ನು ಹೊಂದಿಸಿ ನೋಡಬಹುದು. ಅಕ್ಕಲಕೋಟದ ಕಡೆಯ ಮಗು 'ಅವ್ವ ಹೊಲಕ್ಕ ಹೋಗ್ಯಾಳ' ಎನ್ನುತ್ತದೆ. ಮೂರು ಸಲ 'ತಪ್ಪು' ಎನಿಸಿಕೊಂಡ ಮೇಲೆ ಅದು ಸುಮ್ಮನಾಗುತ್ತದೆ. ಆ ಮೌನವನ್ನೇ ದಡ್ಡತನವೆಂದು ತಿಳಿಯಲಾಗುತ್ತದೆ. ಮಗುವಿನ ವಾಕ್ಯವನ್ನೂ 'ಅವ್ವ ಹೊಲಕ್ಕೆ ಹೋಗಿದ್ದಾಳೆ' ಎಂಬುದನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಒಂದು ಮನೆಯಲ್ಲಿ ಆಡುವುದು, ಇನ್ನೊಂದು ಪುಸ್ತಕದಲ್ಲಿ ಓದುವುದು ಎಂದು ತೋರಿಸಿದರೆ ಕಲಿಯಬೇಕಾದುದೂ ತಿಳಿಯುತ್ತದೆ, ಅವಮಾನವೂ ತಪ್ಪುತ್ತದೆ. ಕಾಸರಗೋಡಿನಲ್ಲಿ ತುಳು, ಆದೋನಿಯಲ್ಲಿ ತೆಲುಗು ಆಡುವ ಮನೆಯ ಮಕ್ಕಳಿಗೂ ಇದೇ ಕ್ರಮ ಹೊಂದುತ್ತದೆ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಬೇಂದ್ರೆಯವರ ಮನೆಮಾತು ಮರಾಠಿ. ಧಾರವಾಡದ ಆಡುಮಾತನ್ನು ಕಾವ್ಯಕ್ಕೆ ತಂದ ಅವರು ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಮಕ್ಕಳಿಗೆ ಇದನ್ನು ತಿಳಿಸಬೇಕು. ಪಾಲಕರ ಸಭೆಯಲ್ಲಂತೂ ಅವಶ್ಯವಾಗಿ ತಿಳಿಸಬೇಕು.

ಪ್ರಗತಿ ದಾಖಲೆಯಲ್ಲಿ 'ಮಂದ', 'ಚುರುಕು' ಮೊದಲಾದ ಪದಗಳನ್ನು ಬಿಟ್ಟು ಮಗು ಮಾಡಿದ್ದನ್ನು ಬರೆಯುವುದು ಲೇಸು. ಜೂನ್ ತಿಂಗಳಲ್ಲಿ 'ಮಾತನಾಡುವುದಿಲ್ಲ' ಎಂದು ಬರೆದಿದ್ದರೆ, ಅಕ್ಟೋಬರಿನಲ್ಲಿ ಆ ಸಾಲನ್ನು ಮತ್ತೆ ಓದಿ, ಮಗು ಯಾರೊಡನೆ, ಯಾವ ಮಾತಿನಲ್ಲಿ, ಯಾವ ವಿಷಯಕ್ಕೆ ಬಾಯಿಬಿಟ್ಟಿತೆಂಬುದನ್ನು ತಾರೀಖಿನೊಡನೆ ಕೆಳಗೆ ಸೇರಿಸಬೇಕು. ಎರಡನೆಯ ತರಗತಿಯ ಶಿಕ್ಷಕರಿಗೆ ಎರಡೂ ಸಾಲುಗಳಿರುವ ಆ ಪುಟವನ್ನೇ ಒಪ್ಪಿಸಬೇಕು.